ಚನ್ನಮಲ್ಲಯ್ಯನವರ ಕಣ್ಣು

ಗ್ರಾಫಿಕ್ಸ್ ಚೆನ್ನಾಗಿ ಬಂದೈತೋ ಇಲ್ಲವೋ ಅನ್ನೋದಕ್ಕೆ ನಂದೇ ಒಂದು ಅಳತೆ ಇತ್ತು. ನೋಡಿದವರು "ಏನ್ ಗ್ರಾಫಿಕ್ಸ್ ಗುರು" ಅಂದ್ರೆ ಕೆಲಸ ಕೆಟ್ಟಂಗೆ. ಗ್ರಾಫಿಕ್ಸ್ ಅನ್ನೋದನ್ನೇ ಮರೆತು ಕಣ್ಣೊರೆಸ್ಕೊಂಡ್ರೆ ಪಾಸು. ಮಧುಗಿರಿ ಬಸ್ ಸ್ಟ್ಯಾಂಡ್ ಹಿಂದೆ ಹನ್ನೊಂದು ವರ್ಷದಿಂದ ಸ್ಟುಡಿಯೋ ನಡೆಸ್ತಿದೀನಿ, ಮುತ್ತುರಾಜ್ ಅಂದ್ರೆ ಸಿರಾದಿಂದ ಪಾವಗಡದವರೆಗೂ ಗೊತ್ತು. ಈಗೆರಡು ವರ್ಷದಿಂದ ಮದುವೆ ಅಂದ್ರೆ ಸತ್ತೋದವರೂ ಸ್ಕ್ರೀನ್ ಮೇಲೆ ಬರಬೇಕು. ಅಜ್ಜ ನಡ್ಕೊಂಡು ಬಂದು ಅಕ್ಷತೆ ಹಾಕಬೇಕು, ಅಪ್ಪ ನಗಬೇಕು. ನಡೆಸ್ತೀನಿ, ನಗಿಸ್ತೀನಿ. ನನ್ನಷ್ಟು ಚೆನ್ನಾಗಿ ಈ ಸುತ್ತಲಲ್ಲಿ ಯಾರೂ ಮಾಡಲ್ಲ ಅಂತ ಜಂಬ ಬೇರೆ.

ತಾವರೆಕೆರೆಯ ಬಸವಮ್ಮೋರನ್ನ ಅವರ ಮಗ ರೇಣುಕಪ್ರಸಾದ್ ಕರ್ಕೊಂಡು ಬಂದಿದ್ದ. ಅವನ ತಂಗಿ ಪುಷ್ಪಾವತಿ ಮದುವೆ ಕೊರಟಗೆರೆಯಲ್ಲಿ. ಅಪ್ಪ ಚನ್ನಮಲ್ಲಯ್ಯನವರು ತೀರಿಕೊಂಡು ಇಪ್ಪತ್ಮೂರು ವರ್ಷ. ಆಗ ಇವನಿಗೆ ಮೂರು ವರ್ಷ, ಆ ಹುಡುಗಿ ಇನ್ನೂ ಹೊಟ್ಟೇಲಿ. ಅಪ್ಪ ಅಮ್ಮನ ಮದುವೆ ಫೋಟೋಗಳನ್ನೆಲ್ಲ ಟ್ರಂಕಿನಲ್ಲೇ ಗೆದ್ದಲು ತಿಂದಿತ್ತಂತೆ. ಉಳಿದಿದ್ದು ಒಂದೇ ಫೋಟೋ. ಲಿಂಗೈಕ್ಯರಾದ ದಿನ ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸಿ ತೆಗೆಸಿದ್ದು. ಕಣ್ಣು ಮುಚ್ಚಿತ್ತು.

ಬಸವಮ್ಮೋರು ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದ್ರು. "ಒಂದು ಕಣ್ಣು ಚೂರು ಸಣ್ಣದು ಕಣಪ್ಪ. ನಕ್ಕರೆ ಅದೊಂದು ಮುಚ್ಚೇ ಹೋಗೋದು. ಅದೊಂದು ತಪ್ಪಿಸ್ಬ್ಯಾಡ."

ಯಾವ ಕಣ್ಣು ಅಂತಲೂ ತಮ್ಮ ಮುಖದ ಮೇಲೆ ಬೆರಳಿಟ್ಟು ತೋರಿಸಿದ್ರು. ಅಷ್ಟು ವರ್ಷದ ಮಾತು ಹೆಂಗೆ ನೆನಪೈತೆ ಅಂದೆ. ದಿನಾ ಬೆಳಿಗ್ಗೆ ಪೂಜೆಗೆ ಕೂತು ಕಣ್ಣು ಮುಚ್ಚಿದ್ರೆ ಮೊದಲು ಅವ್ರೇ ಬರ್ತಾರೆ, ಆಮೇಲೆ ಶಿವ ಅಂತ ನಕ್ಕರು. ಹೆತ್ತ ಅಪ್ಪ ಹೆಂಗಿದ್ರು ಅಂತ ಮಗಳು ಒಂದ್ಸಲ ಕಣ್ತುಂಬ ನೋಡ್ಲಿ ಅನ್ನೋದೊಂದೇ ಅವರ ಆಸೆ.

ಹೇಳಿದಂಗೇ ಮಾಡಿದೆ ನಾನು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ರೇಣುಕಪ್ರಸಾದ್ ನೋಡಿ ಮುಖ ಸಿಂಡರಿಸಿದ. ಕಣ್ಣು ಸೊಟ್ಟ ಬಂದೈತೆ, ಗಂಡಿನ ಕಡೆಯವರು ನಗ್ತಾರೆ ಅಂದ. ನನಗೂ ಹಂಗೇ ಅನ್ನಿಸಿತ್ತು. ಇದ್ದದ್ದು ಇದ್ದಂಗೆ ಹಾಕಿದ್ರೆ ಸ್ಕ್ರೀನ್ ಮೇಲೆ ಅದೇ ತಪ್ಪಿನಂಗೆ ಕಾಣ್ತಿತ್ತು. ಚೆನ್ನಾಗಿದ್ದ ಕಣ್ಣನ್ನ ಎತ್ತಿ, ತಿರುಗಿಸಿ, ಸಣ್ಣ ಕಣ್ಣಿನ ಜಾಗಕ್ಕೆ ಕೂರಿಸಿದೆ. ಹತ್ತು ನಿಮಿಷದ ಕೆಲಸ. ಬಸವಮ್ಮೋರನ್ನ ಒಂದು ಮಾತು ಕೇಳ್ಬೇಕಿತ್ತು. ಕೇಳಲಿಲ್ಲ.

ಛತ್ರದಲ್ಲಿ ಚನ್ನಮಲ್ಲಯ್ಯನವರು ದೊಡ್ಡ ಸ್ಕ್ರೀನ್ ಮೇಲೆ ಕಣ್ಣು ಬಿಟ್ಟರು, ನಕ್ಕರು, ಕೈ ಎತ್ತಿ ಹರಸಿದರು. ಊಟದ ಪಂಕ್ತಿ ಕಡೆಯಿಂದಲೂ ಜನ ಎದ್ದು ಬಂದು ನಿಂತ್ರು. ಪುಷ್ಪಾವತಿ ಅಪ್ಪಾ ಅಂತ ಕೂಗಿ ಅತ್ತಳು, ಹುಟ್ಟಿದ ಮೇಲೆ ಆ ಮಾತು ಮೊದಲ ಸಲ ಆಡಿದ್ದಂತೆ. ಬಸವಮ್ಮೋರೊಬ್ಬರು ಅಳಲಿಲ್ಲ. ಕಣ್ಣು ಮಿಟುಕಿಸದೆ ನೋಡ್ತಿದ್ರು. ಸಂತೋಷ ಜಾಸ್ತಿಯಾಗೈತೆ ಅಂದ್ಕೊಂಡೆ, ನನ್ನ ದಡ್ಡತನ.

ಆ ವಿಡಿಯೋವನ್ನ ಫೋಟೋದವರ ಸಂಘದ ಸ್ಪರ್ಧೆಗೆ ಕಳಿಸಿದೆ. ಮೊದಲನೇ ಬಹುಮಾನ. ಕಣ್ಣಲ್ಲಿ ಜೀವ ಐತೆ ಅಂತ ತೀರ್ಪುಗಾರರು ಮೈಕಿನಲ್ಲೇ ಹೊಗಳಿದ್ರು. ಶೀಲ್ಡ್ ತಂದು ಕಂಪ್ಯೂಟರ್ ಮೇಲಿನ ಹಲಗೆಯಲ್ಲಿಟ್ಟೆ.

ಮದುವೆಯಾಗಿ ನಾಲ್ಕು ತಿಂಗಳಿಗೆ, ಒಂದು ಬೆಳಿಗ್ಗೆ ಬಸವಮ್ಮೋರು ಒಬ್ಬರೇ ಬಸ್ಸಲ್ಲಿ ಬಂದ್ರು. ನೀರು ಕೊಟ್ಟೆ, ಕುಡಿದ್ರು. ಬೈಯೋಕೆ ಬಂದಿದ್ರೆ ಎಷ್ಟೋ ವಾಸಿಯಿತ್ತು, ಅವರ ದನಿಯಲ್ಲಿ ಸಿಟ್ಟೇ ಇರಲಿಲ್ಲ.

"ಪೂಜೆಗೆ ಕೂತ್ರೆ ಈಗ ನೀನು ಮಾಡಿದ್ದೇ ಬತ್ತದೆ ಕಣಪ್ಪ," ಅಂದ್ರು. "ಅವ್ರು ಬರಲ್ಲ. ನಾನೂ ಕರೆದೆ, ಕರೆದೆ. ಆ ನಿನ್ನ ಮುಖ ಬಂದು ನಗ್ತದೆ."

ಖಾಲಿ ಲೋಟ ಇಸ್ಕೊಳ್ಳೋಕೆ ಕೈ ಚಾಚಿದೆ. ಅವರು ಲೋಟ ಬಿಡಲಿಲ್ಲ.

"ಒಂದು ಕಣ್ಣು ಸಣ್ಣದು ಅಂತ ಹೇಳಿದ್ನಲ್ಲ, ಯಾವುದು ಅಂದಿದ್ದೆ? ಎಡಗಡೇದಾ, ಬಲಗಡೇದಾ? ಅದೊಂದು ಹೇಳ್ಬುಡು. ಅಷ್ಟು ಸಿಕ್ಕಿದ್ರೆ ಅವ್ರನ್ನ ಹೆಂಗೋ ಹುಡುಕ್ಕೊತೀನಿ."

ಮಕ್ಕಳಿಗೆ ಗೊತ್ತಿಲ್ಲ. ಅವರ ಓರಗೆಯವರು ಯಾರೂ ಉಳಿದಿಲ್ಲ. ಗೊತ್ತಿದ್ದವರು ಬಸವಮ್ಮೋರು, ಆಮೇಲೆ ನಾನು. ಕಂಪ್ಯೂಟರ್ ಹಾಕಿ ಹುಡುಕಿದಂಗೆ ಮಾಡಿದೆ. ಏನಿರ್ತದೆ ಅಲ್ಲಿ? ಮೊದಲು ಮಾಡಿದ್ದ ಸಣ್ಣ ಕಣ್ಣಿನ ಮೇಲೇ ಎರಡನೇದು ಕೂರಿಸಿದ್ದೆ, ಆರ್ಡರ್ ಮುಗಿದ ತಿಂಗಳಿಗೆ ಎಲ್ಲಾ ಅಳಿಸಿ ಹಾಕಿದ್ದೆ. ಅವತ್ತಿಂದ ಎಷ್ಟು ಜನ ಸತ್ತವರ ಕಣ್ಣು ಬಿಡಿಸಿದೀನೋ. ಅವರು ಬೆರಳಿಟ್ಟು ತೋರಿಸಿದ್ದು ನೆನಪೈತೆ, ಬೆರಳು ನಿಂತಿದ್ದು ಯಾವ ಕಣ್ಣಿನ ಹತ್ತಿರ ಅನ್ನೋದು ನೆನಪಿಲ್ಲ. ನನ್ನ ಕೈಯಾರೆ ಮಾಡಿದ ಕಣ್ಣು, ನನಗೇ ನೆನಪಿಲ್ಲ. ಎಂಥಾ ದರಿದ್ರ ನನ್ಮಗ ನಾನು.

"ಎಡಗಣ್ಣು ಕಣಮ್ಮ," ಅಂದೆ, ಗಟ್ಟಿಯಾಗಿ.

ಬಸವಮ್ಮೋರು ಕಣ್ಣು ಮುಚ್ಚಿ ಕೂತ್ರು. ಹೊರಗೆ ಕಂಡಕ್ಟರ್ ಪಾವಗಡ ಪಾವಗಡ ಅಂತ ಕೂಗ್ತಾನೇ ಇದ್ದ. ಆಮೇಲೆ ಕಣ್ಣು ಬಿಟ್ಟು ನನ್ನ ಮುಖಾನೇ ನೋಡಿದ್ರು.

"ನೀನೂ ಮರ್ತುಬುಟ್ಟಿದೀಯ. ಬುಡಪ್ಪ," ಅಂದ್ರು.

ಎದ್ದು ಬಾಗಿಲ ತನಕ ಹೋಗಿ, ಚೀಲದಿಂದ ಆ ಹಳೇ ಫೋಟೋ ತೆಗೆದು ಬಿಸಿಲಿಗೆ ಹಿಡಿದು ನೋಡಿದ್ರು. ಎರಡೂ ಕಣ್ಣು ಮುಚ್ಚಿತ್ತು.