ಬಾಲಪ್ಪನ ಬಾಯಾಗಿನ ಬಂಗಾರ

ಶೇಖರಮ್ಮ ಎರಡು ಬೆರಳು ತೂರಿಸಿ ಗಂಡನ ಬಾಯಿ ಬಿಡಸಾಕ ಹತ್ತಿದ್ದಳು. ಬಾಲಪ್ಪನ ಹೆಣ ಪಡಸಾಲ್ಯಾಗ ಗ್ವಾಡಿಗೆ ಆನಿಸಿ ಕುಂದರಿಸಿದ್ದರು. ಮಣ್ಣಿಗೆ ಒಯ್ಯೋ ಮುಂದ ಬಾಯಾಗ ಗುಂಜಿ ಬಂಗಾರ ಇಡೋದು ಆ ಮನಿ ಪದ್ಧತಿ.

"ನಲವತ್ತು ವರ್ಷ ಗಿರಣಿ ಸಪ್ಪಳಕ್ಕಿಂತ ಮ್ಯಾಲ ಒದರಿದ ಬಾಯಿ. ಇವತ್ತ ನೋಡು, ತೆರಿಯವಲ್ದು," ಅಂದಳು.

ಅಳೋ ಹೆಂಗಸರೊಳಗ ಇಬ್ಬರು ಸೆರಗ ಅಡ್ಡ ಹಿಡಿದು ನಕ್ಕರು.

ಮೈದುನ ಗ್ಯಾನಪ್ಪ ಕಂಬಕ್ಕ ಆತು ಕುಂತಿದ್ದ. "ವೈನಿ, ಬಂಗಾರ ಎಲ್ಲೈತಿ?"

"ನಿಮ್ಮಣ್ಣ ಗಳಿಸಿದ್ದು ಇದೊಂದ." ದೇವರ ಜಗಲಿ ಮ್ಯಾಲಿಂದ ಅರಿಷಿಣ ಕುಂಕುಮ ಮೆತ್ತಿದ ಸಣ್ಣ ಪಾಕೀಟ ತಂದು, ಹಲ್ಲಿನ ನಡುವ ಸಿಗಿಸಿದಳು.

*

ಆ ಪಾಕೀಟ ಕೊಟ್ಟಾಕಿ ಊರಿನ ಆಶಾ ಕಾರ್ಯಕರ್ತೆ ಸುನಿತಾ. ಹೋದ ವರ್ಷ ಗಿರಣಿಗೆ ಬಂದಾಗ ಬಿಡಿಸಿ ಹೇಳಿದ್ದಳು: "ಹೃದಯಕ್ಕ ಪೆಟ್ಟು ಬಿದ್ದರ ರಕ್ತದಾಗ ಒಂದು ಪ್ರೋಟೀನ್ ಹೆಚ್ಚಾಗತೈತಿ ಕಾಕಾ. ಈ ಪಾಕೀಟಿನ ಒಳಗಿನ ಪಟ್ಯಾಗ ಕಣ್ಣಿಗೆ ಕಾಣಲಾರದಷ್ಟು ಸಣ್ಣ ಬಂಗಾರದ ಕಣ ಅದಾವ. ಅವು ಅದನ್ನ ಹಿಡಕೊಂಡು ಕೆಂಪು ಗೆರಿ ಆಗಿ ನಿಲ್ಲತಾವ. ಎದಿ ನೋವು ಬಂತಂದ್ರ ನನ್ನ ಕರಿ, ಒಂದ ಹನಿ ರಕ್ತ ಸಾಕು."

ಗಿರಣಿ ಸಪ್ಪಳದಾಗ ಬಾಲಪ್ಪಗ ಕೇಳಿದ್ದು ಬಂಗಾರ ಒಂದ.

ಮರುದಿನನ ತಾವರಗೇರಾಕ್ಕ ಹೋಗಿ ಅಕ್ಕಸಾಲಿಗನ ತಕ್ಕಡ್ಯಾಗ ಇಟ್ಟ. ಅಂವ ಹೊಟ್ಟಿ ಹಿಡಕೊಂಡು ನಕ್ಕ. "ಇಂಥಾವು ಒಂದು ಲಾರಿ ತಂದರ ಮೂಗಬಟ್ಟಿನ ಮುಳ್ಳು ಆದೀತು." ಬಾಲಪ್ಪಗ ನಾಚಿಕಿ ಎಲ್ಲಿದು? ಅಕ್ಕಸಾಲಿಗಗ ಹೊಟ್ಟೆಕಿಚ್ಚು ಅಂದ. ಜಗಲಿ ಮ್ಯಾಲ ಇಟ್ಟು ಅಮಾಸಿಗೊಮ್ಮೆ ಪೂಜಿ ಮಾಡಿದ. ನೋಡಾಕ ಏಳು ಹಳ್ಳಿ ಮಂದಿ ಬಂದು ಹೊಸ್ತಿಲ ಸವೀತು.

ನಿನ್ನೆ ಎದಿ ಹಿಡಕೊಂಡಾಗ ಶೇಖರಮ್ಮ ಜಗಲಿಗೆ ಕೈ ಚಾಚಿದ್ದಳು. "ಗ್ಯಾಸ್ ಐತಿ, ಸೋಡಾ ತಾ," ಅಂದ. "ಬಂಗಾರ ಒಡೀಬ್ಯಾಡ." ಅದ ಅವನ ಕಡೀ ಮಾತು.

*

"ಕಾಕಾ, ಯಾಕ ಇಷ್ಟು ಬೆವತೀ?" ಮಣ್ಣಿಗೆ ಬಂದಿದ್ದ ಸುನಿತಾ ಗ್ಯಾನಪ್ಪನ ಹತ್ರ ಕುಂತು ಕೇಳಿದಳು.

"ಮುಂಜಾನಿಂದ ಹೊಟ್ಯಾಗ ಏನಿಲ್ಲ. ಗ್ಯಾಸ್."

"ಎಡಗೈ ಯಾಕ ತಿಕ್ಕತೀ? ಏಳು, ದವಾಖಾನಿಗೆ ಹೋಗೂಣು."

"ಅಣ್ಣಗ ಮಣ್ಣು ಕೊಡದ ಏಳಂಗಿಲ್ಲ. ಸತ್ತರೂ ಏಳಂಗಿಲ್ಲ."

"ನನ್ನ ಹತ್ರ ಇದ್ದ ಪಟ್ಟಿ ಮುಗದಾವ, ಇಲ್ಲಾಂದ್ರ ತೋರಸತಿದ್ದೆ."

ಗ್ಯಾಸ್ ಅನ್ನೋ ಮಾತು ಶೇಖರಮ್ಮನ ಕಿವಿಗೆ ಬಿತ್ತು. ತಿರುಗಿ ಗಂಡನ ಬಾಯಾಗಿನ ಪಾಕೀಟ ಸರ್ರನ ಎಳದಳು.

"ಹೆಣದ ಬಾಯಾಗಿಂದ ತಗೀಬಾರದವಾ," ನೆರಮನಿ ಮುದಕಮ್ಮ ಒದರಿದಳು.

"ಜಗಳ ಬಂದರ ನನ್ನ ಗಂಡನ ಕೂಡ ನಾ ಆಡತೀನಿ. ಸುನಿತಾ, ತಾರೀಖು ನೋಡು."

"ಇನ್ನೂ ಎರಡು ತಿಂಗಳೈತಿ ಚಿಗವ್ವ."

ಸುನಿತಾ ಪಾಕೀಟ ಒಡದು, ಗ್ಯಾನಪ್ಪನ ಬೆರಳಿಗೆ ಸೂಜಿ ಚುಚ್ಚಿ ಹನಿ ಬಿಟ್ಟಳು. ಭಜನಿ ನಿಂತು ಹೋತು. ಅಂಗಳದ ಮಂದಿ ಎಲ್ಲಾ ಬೊಟ್ಟಿನಷ್ಟು ಪಟ್ಟಿ ಮ್ಯಾಲ ಬಗ್ಗಿದರು. ಒಂದು ಗೆರಿ ಮೂಡಿತು. "ಅದು ಪಟ್ಟಿ ಛಲೋ ಐತಿ ಅನ್ನೋ ಗೆರಿ," ಸುನಿತಾ ಅಂದಳು. ಕಾಲು ತಾಸಿನೊಳಗ ಎರಡನೇದು ಮೂಡಿತು, ಕುಂಕುಮದಂಗ.

"ಹಾರ್ಟ್ ಅಟ್ಯಾಕ್ ಕಾಕಾ."

ಗ್ಯಾನಪ್ಪ ಆದರೂ ಕಂಬ ಬಿಡಲಿಲ್ಲ.

"ಕುಣಿ ಒಂದ ತಗಿಸೀವಿ," ಅಂದಳು ಶೇಖರಮ್ಮ. "ನಿಮ್ಮಣ್ಣನ ಹೊಟ್ಟಿಗೆ ಅದ ಇಕ್ಕಟ್ಟು. ನೀ ಎಲ್ಲಿ ಹಿಡೀತಿ? ಏಳು."

ಎದ್ದ.

ಅಂಬುಲೆನ್ಸ್ ತಾವರಗೇರಾಕ್ಕ ಬರತೈತಿ, ಅಲ್ಲಿ ಮಟ ನೀವ ತರ್ರಿ ಅಂದರು, ಸುನಿತಾ ಫೋನ್ ಹಚ್ಚಿದಾಗ. ಬಾಗಲದಾಗ ಇದ್ದದ್ದು ಹೆಣ ಒಯ್ಯಾಕ ತರಿಸಿದ್ದ, ಓಣ್ಯಾಗಿನ ದುರಗೇಶನ ಟ್ರ್ಯಾಕ್ಟರ್ ಒಂದ. ಅದರ ಮ್ಯಾಲ ಬಾಲಪ್ಪನ್ನ ಕುಂದರಿಸಾಕಂತ ಕಟ್ಟಿದ ಹೂವಿನ ವಿಮಾನ.

"ಅಣ್ಣನ ಜಾಗಾ ವೈನಿ ಅದು," ಗ್ಯಾನಪ್ಪ ಹಿಂದ ಸರದ.

"ಅಂವಗೇನು ಅವಸರಿಲ್ಲ. ಕುಂದರು."

ಊರ ಮುಂದ ಬಸ್ಸಿಗೆ ನಿಂತ ಮಂದಿ ಟ್ರ್ಯಾಕ್ಟರ್ ಕಂಡದ್ದ ಗಂಟು ಕೆಳಗಿಟ್ಟು ರುಮಾಲ ತಗದು ಕೈ ಮುಗಿದರು. ಚೆಂಡುಹೂವಿನ ಒಳಗ ಸುನಿತಾನ ಹೆಗಲಿಗೆ ಆತು ಕುಂತಿದ್ದ ಗ್ಯಾನಪ್ಪ, ಒಂದು ಕೈ ಎದಿ ಮ್ಯಾಲಿಟ್ಟು, ಇನ್ನೊಂದು ಎತ್ತಿ ಅವರಿಗೆ ನಮಸ್ಕಾರ ಮಾಡಿದ.