ಪಟ್ಟಿಯಲ್ಲಿ ಎರಡೇ ಹೆಸರು

ಅಕ್ಕ ಕೇಬಲ್ ಕಿತ್ತು ಮೂರನೇ ಸಲ ಚುಚ್ಚಿದರೂ ಪರದೆಯ ಮೇಲೆ ಅದೇ ಸಾಲು: ಈ ಕ್ಯಾಮೆರಾ ತೆರೆಯಲು ನಿಮಗೆ ಅನುಮತಿ ಇಲ್ಲ. ಶಾಲೆಯೊಂದರ ನೂರಾ ನಲವತ್ತು ಮಕ್ಕಳ ಫೋಟೋ ಒಳಗೇ ಉಳಿದಿದ್ದವು. ಸ್ಟುಡಿಯೋದ ಇದೇ ಲಿನಕ್ಸ್ ಕಂಪ್ಯೂಟರಿನಲ್ಲಿ ತಂಗಿ ತನ್ನ ಹೆಸರಿನಲ್ಲಿ ಲಾಗಿನ್ ಆದರೆ ಇದೇ ಕ್ಯಾಮೆರಾ ತಕರಾರಿಲ್ಲದೆ ತೆರೆದುಕೊಳ್ಳುತ್ತಿತ್ತು.

ಕಣ್ಣಿನ ಆಪರೇಷನ್ ಆದ ಮೇಲೆ ಅಪ್ಪ ಸ್ಟುಡಿಯೋಕ್ಕೆ ಬರುವುದನ್ನು ನಿಲ್ಲಿಸಿದ್ದರು. ಅದುವರೆಗೆ ಅಪ್ಪನ ಹೆಸರಿನಲ್ಲೇ ಕೆಲಸ ಮಾಡುತ್ತಿದ್ದ ಅಕ್ಕನಿಗೆ ಹೋದ ವಾರವಷ್ಟೇ ತಂಗಿ ಬೇರೆ ಖಾತೆ ಮಾಡಿಕೊಟ್ಟಿದ್ದಳು.

ಹೊರಗೆ ಹೋಗಿದ್ದ ತಂಗಿಗೆ ಅಕ್ಕ ಫೋನ್ ಮಾಡಿದಳು. ಕ್ಯಾಮೆರಾ ಮುಟ್ಟಬಹುದಾದವರ ಪಟ್ಟಿಯೊಂದಿದೆ, ಅಪ್ಪನ ಪಾಸ್‌ವರ್ಡ್ ಹಾಕಿ ಹೆಸರು ಸೇರಿಸಿಕೋ ಎಂದು ತಂಗಿ ಬೇಕಾದ ಕಮ್ಯಾಂಡುಗಳನ್ನು ಬರೆಸಿದಳು. ಬದಲಾವಣೆ ಜಾರಿಗೆ ಬರಬೇಕಾದರೆ ಲಾಗೌಟ್ ಆಗಿ ಮತ್ತೆ ಒಳಬರಬೇಕು ಎಂದೂ ಹೇಳಿದಳು.

ಪಟ್ಟಿ ತೆರೆಯಿತು. ಎರಡೇ ಹೆಸರು. ಅಪ್ಪನದು, ತಂಗಿಯದು.

ಅಕ್ಕ ಎರಡನ್ನೂ ಮತ್ತೊಮ್ಮೆ ಓದಿದಳು. ಹದಿನೆಂಟು ವರ್ಷ ಲೈಟ್ ಸ್ಟ್ಯಾಂಡ್ ಹೊತ್ತವಳು ತಾನು. ತಂಗಿ ಬಂದು ನಾಲ್ಕು ವರ್ಷವಾಗಿರಲಿಲ್ಲ. ಸ್ಟುಡಿಯೋ ಯಾರ ಕೈಗೆ ಎಂದು ಅಪ್ಪ ಬಾಯಿಬಿಟ್ಟು ಹೇಳಿರಲಿಲ್ಲ, ಇಲ್ಲಿ ಬರೆದಿಟ್ಟಿದ್ದರು. ಅವಳು ತನ್ನ ಹೆಸರು ಸೇರಿಸಿದಳು. ಬೆರಳು ಅಲ್ಲಿಗೆ ನಿಲ್ಲಲಿಲ್ಲ. ತಂಗಿಯ ಹೆಸರು ಅಳಿಸಿ ಎಂಟರ್ ಒತ್ತಿದಳು.

ಆಗಲೇ ತಂಗಿ ಒಳಗೆ ಬಂದಳು. ಶಾಲೆಯವರು ಬಾಗಿಲಲ್ಲೇ ನಿಂತಿದ್ದಾರೆ, ಸದ್ಯಕ್ಕೆ ತಾನೇ ಇಳಿಸಿಬಿಡುತ್ತೇನೆ ಎಂದು ಕುರ್ಚಿ ಎಳೆದುಕೊಂಡಳು. ಅವಳ ಖಾತೆ ಬೆಳಿಗ್ಗೆಯಿಂದ ತೆರೆದೇ ಇತ್ತು. ಅದಕ್ಕೆ ಹೊರಳಿದಳು, ಕ್ಯಾಮೆರಾ ಎಂದಿನಂತೆ ತೆರೆದುಕೊಂಡಿತು. ಅವಳು ಲಾಗೌಟ್ ಆಗುವವರೆಗೆ ಹಳೆಯ ಪಟ್ಟಿಯೇ ಅವಳಿಗೆ ಲೆಕ್ಕ.

"ಪಟ್ಟೀಲಿ ನಾನಿರ್ಲಿಲ್ಲ," ಎಂದಳು ಅಕ್ಕ.

"ಅಪ್ಪನ ಹೆಸರಿತ್ತಲ್ಲ, ಅದು ಮತ್ಯಾರದ್ದು? ಅಪ್ಪ ಯಾವತ್ತಾದ್ರೂ ಮೌಸ್ ಮುಟ್ಟಿದ್ದು ನೋಡಿದ್ದೀಯಾ?" ತಂಗಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನಿನಗೆ ತನ್ನ ಪಾಸ್‌ವರ್ಡೇ ಕೊಟ್ಟಿದ್ದ. ನನ್ನ ಹೆಸರು ಸೇರಿಸೋಕೆ ಎರಡು ವರ್ಷ ಸತಾಯಿಸ್ದ. ಅಕ್ಕನ್ನ ಕೇಳು, ಅವಳು ಹೂಂ ಅಂದ್ರೆ ನೋಡೋಣ ಅಂತಿದ್ದ."

ಹಾಗೆ ತನ್ನನ್ನು ಯಾರೂ ಕೇಳಿದ್ದು ಅಕ್ಕನಿಗೆ ನೆನಪಿರಲಿಲ್ಲ.

"ಕೇಳಲೇ ಇಲ್ವಲ್ಲ ನೀನು."

"ನನಗೆ ಹೊಟ್ಟೆಕಿಚ್ಚು ಕಣೇ. ಹೋಗ್ಲಿ ಬಿಡು." ತಂಗಿ ನಕ್ಕು ಕೇಬಲ್ ಬಿಚ್ಚಿದಳು. "ಎಲ್ಲಾ ಇಳೀತು. ನಾನು ಲಾಗೌಟ್ ಆಗ್ತೀನಿ, ನೀನು ಬಾ."

"ಬೇಡ, ಆಗ್ಬೇಡ."

"ಯಾಕೆ?"

ಮೌಸಿನ ಮೇಲಿದ್ದ ತಂಗಿಯ ಕೈಯನ್ನು ಅಕ್ಕ ಅಂಗೈಯಿಂದ ಮುಚ್ಚಿ ಹಿಡಿದಿದ್ದಳು.