ಯಂತ್ರದ ಪಕ್ಕದ ಮರ್ಯಾದೆಯ ಜಾಗ

ನಮ್ಮ ಉಣ್ಣೆ ತೊಳೆಯುವ ಕಾರ್ಖಾನೆಯ ನೆಲ ಒಣಗಿದ್ದನ್ನು ನಾನು ನೋಡಿಲ್ಲ. ತೊಕ್ಮೊಕ್ ಪಟ್ಟಣದಲ್ಲಿ ಬಿಸಿಲಿರಲಿ, ಹಿಮ ಬೀಳಲಿ, ನಮ್ಮ ಕಾಲಡಿಗೆ ಮಾತ್ರ ಕುರಿಯ ಜಿಡ್ಡು, ಸೋಪು, ಕೊಳೆನೀರು. ಅದಕ್ಕೇ ನಾವು ಹೆಂಗಸರೆಲ್ಲ ಮೆತ್ತನೆ ಚರ್ಮದ ಬೂಟಿನ ಮೇಲೆ ರಬ್ಬರಿನ ಗಲೋಷು ಹಾಕಿಕೊಂಡು ನಿಲ್ಲುತ್ತೇವೆ. ಗಲೋಷು ನಮ್ಮ ಸ್ವಂತದ್ದು. ಸಾಹುಕಾರ ಎಸೆನ್‌ಬೆಕ್ ಕೊಡುವುದು ಸೋಪು ಮಾತ್ರ, ಅದೂ ಉಣ್ಣೆಗೆ.

ಈ ಚಳಿಗಾಲ ಅವನು ಹಳೆಯ ಮೋಟಾರು ಕೀಳಿಸಿ ಕರುವಿನಷ್ಟು ದೊಡ್ಡದೊಂದನ್ನು ಕೂರಿಸಿದ. ಯಂತ್ರಕ್ಕೆ ಕೊಬ್ಬು ಬಂತು, ನಮ್ಮ ಕೈ ಸಾಲದಾಯಿತು. ಒಂದು ಬೆಳಿಗ್ಗೆ ನನ್ನ ಪಕ್ಕದಲ್ಲಿದ್ದ ಬುರುಲ್ ಚೀರಿಕೊಂಡು ಉಣ್ಣೆ ರಾಶಿಯ ಮೇಲೆ ಬಿದ್ದಳು.

"ಕಚ್ತು ಕಣಕ್ಕ," ಅಂದಳು. "ಈ ಮಿಷನ್ನು ಕಚ್ತದೆ."

ನಾನು ಮುಟ್ಟಿದೆ. ಏನೂ ಆಗಲಿಲ್ಲ. ಉಳಿದವರೂ ಮುಟ್ಟಿದರು. ಗದ್ದಲ ಕೇಳಿ ಎಸೆನ್‌ಬೆಕ್ ಬಂದ.

"ಯಾರ್ಗೂ ಕಚ್ಚದ್ದು ನಿಂಗೊಬ್ಳಿಗೇ ಕಚ್ತದಾ? ಮೈ ಬಗ್ಗಲ್ಲ ಅಂದ್ರೆ ಮನೇಲಿರು. ನಾಳೆಯಿಂದ ಬರ್ಬೇಡ."

ಬುರುಲ್ ಅಳುತ್ತ ಬಾಗಿಲ ಹತ್ತಿರ ಗಲೋಷು ಕಳಚಿದಳು. ನಮ್ಮಲ್ಲೆಲ್ಲ ಹಿರಿಯಳಾದ ಉಮ್ಸುನೈ ಅಜ್ಜಿ ಅದನ್ನೆತ್ತಿ ಬೆಳಕಿಗೆ ಹಿಡಿದಳು. ಹಿಮ್ಮಡಿಯಲ್ಲಿ ಹೆಬ್ಬೆರಳು ತೂರುವಷ್ಟು ತೂತಿತ್ತು. ಅಜ್ಜಿ ಹೋಗಿ ಕರೆಂಟಿನ ಕೆಲಸದ ಮುರ್ಜಾನ ತೋಳು ಹಿಡಿದು ಎಳೆತಂದಳು.

"ನಿಜ ಹೇಳು ಮಗ. ತೂತಿರೋಳಿಗೇ ಯಾಕೆ ಕಚ್ತು?"

ಮುರ್ಜಾ ಅತ್ತಿತ್ತ ನೋಡಿದ. "ದೊಡ್ಡ ಮೋಟಾರಿಗೆ ಕರೆಂಟಿನ ವೈರು ದಪ್ಪಂದು ಎಳ್ದೆ ಅಜ್ಜಿ. ಅರ್ತಿಂಗ್ ವೈರೂ ಅಷ್ಟೇ ದಪ್ಪ ಇರ್ಬೇಕಿತ್ತು. ಸಾಹುಕಾರ್ರು, ಅದ್ರಲ್ಲಿ ದಿನಾ ಕರೆಂಟೇನು ಓಡಲ್ವಲ್ಲ, ಹಳೆ ದಾರದಂಥ ವೈರೇ ಇರ್ಲಿ ಅಂದ್ರು."

"ಅದ್ರಿಂದ ಏನಾಯ್ತದೆ?"

"ಕಾಲುವೆ ಅಗಲ ಮಾಡಿ, ಉಕ್ಕಿದ ನೀರು ಹೋಗೋ ತೋಡು ಮಾತ್ರ ಸಣ್ಣದಿಟ್ರೆ? ದಂಡೆ ಒಡೀತದೆ. ಮೋಟಾರಿನ ಮೈಗೆ ಕರೆಂಟು ಸೋರಿದ್ರೆ ಅರ್ತಿಂಗ್ ವೈರಲ್ಲಿ ಒಂದೇ ಸಲ ನುಗ್ಬೇಕು, ಆಗ ಸ್ವಿಚ್ಚು ತಾನಾಗಿ ಬೀಳ್ತದೆ. ಸಣ್ಣ ವೈರು ಸ್ವಿಚ್ಚು ಬೀಳೋಕೆ ಮೊದ್ಲೇ ಸುಟ್ಟೋಯ್ತದೆ. ಸುಟ್ಟೋಗಿದೆ ಕೂಡ, ನಾನೇ ನೋಡ್ದೆ. ಈಗ ನಿಮ್ಮನ್ನ ಕಾಯ್ತಿರೋದು ನಿಮ್ ಗಲೋಷು."

"ಅವ್ನಿಗೆ ಹೇಳ್ದಾ?"

"ಹೇಳ್ದೆ. ತಾಮ್ರ ದುಬಾರಿ, ಬಾಯಿ ಬಿಟ್ರೆ ನೀನೂ ಮನೇಲಿರು ಅಂದ್ರು."

ನನಗೆ ಮೈಯೆಲ್ಲ ಉರಿಯಿತು. ಗೊತ್ತಿದ್ದೂ ಬುರುಲ್‌ಳನ್ನು ಸುಳ್ಳಿ ಮಾಡಿ ಕಳಿಸಿದ್ದನಲ್ಲ ಈ ಮನುಷ್ಯ.

ನಾವು ಗುಸುಗುಸು ಮಾಡುವುದು ಅವನ ಕಿವಿಗೂ ಬಿತ್ತು. ಹೊಸ ಮೋಟಾರಿಗೆ ಕುರಿ ಕುಯ್ದಿಲ್ಲ, ಅದಕ್ಕೇ ಇಂಥ ಅಪಶಕುನದ ಮಾತು ಹುಟ್ಟಿದೆ, ಶುಕ್ರವಾರ ಊಟ ಹಾಕಿಸುತ್ತೇನೆ ಅಂದ.

"ಕುರಿ ನೀವು ಕೊಡಿ ಅಣ್ಣ," ಅಂದಳು ಅಜ್ಜಿ, ಬೆಣ್ಣೆಯಂಥ ದನಿಯಲ್ಲಿ. "ಹಾಸೋದು, ಬಡ್ಸೋದು ನಮ್ಗೆ ಬಿಡಿ. ಹೊರ್ಗಡೆ ಹಿಮ. ಮಿಷನ್ನಿನ ಮನೇಲೇ ಕೂರಣ."

ಶುಕ್ರವಾರ ನಾವು ಶೆಡ್ಡಿನುದ್ದಕ್ಕೂ ಉಣ್ಣೆಗಂಬಳಿ ಹಾಸಿ, ನಡುವೆ ಊಟದ ಬಟ್ಟೆ ಹರಡಿ, ರೊಟ್ಟಿ, ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು ಬೋರ್ಸೋಕ್, ಚಹಾ ಇಟ್ಟೆವು. ಬುರುಲ್‌ಳನ್ನೂ ಕರೆದು ಕೂರಿಸಿಕೊಂಡೆವು. ಯಂತ್ರ ಗುಂಯ್‌ಗುಡುತ್ತಿತ್ತು. ಯಾರ ಪ್ರಾಣವೂ ನಮಗೆ ಬೇಡವಾಗಿತ್ತು. ಮುರ್ಜಾ ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡೇ ನಿಂತಿರಬೇಕೆಂದು ಅಜ್ಜಿ ಹೇಳಿದ್ದಳು.

ಎಸೆನ್‌ಬೆಕ್ ಉಣ್ಣೆ ವ್ಯಾಪಾರಿಗಳ ಗುಂಪು ಕಟ್ಟಿಕೊಂಡು ಬಂದ. ಊಟದ ಬಟ್ಟೆಯ ಬಳಿ ಯಾರೂ ಬೂಟು ಹಾಕಿಕೊಂಡು ಬರುವುದಿಲ್ಲ. ಎಲ್ಲರಂತೆ ಅವನೂ ರಬ್ಬರ್ ತಳದ ದಪ್ಪ ಬೂಟು ಬಾಗಿಲಲ್ಲಿ ಬಿಟ್ಟ.

"ಮೇಲಕ್ಕೆ ಬನ್ನಿ ಅಣ್ಣ," ಅಂದಳು ಅಜ್ಜಿ.

ಬಾಗಿಲಿನಿಂದ ಎಲ್ಲಕ್ಕಿಂತ ದೂರದ ಜಾಗ ದೊಡ್ಡವರದು. ನಮ್ಮಲ್ಲಿ ಅದು ಮಗುವಿಗೂ ಗೊತ್ತು. ಆ ಶೆಡ್ಡಿನಲ್ಲಿ ದೂರದ ಜಾಗ ಅಂದರೆ ಯಂತ್ರಕ್ಕೆ ಬೆನ್ನು ಕೊಡುವ ಜಾಗ. ಅಲ್ಲಿನ ಕಂಬಳಿ ಆಗಲೇ ನೆಲದ ನೀರು ಕುಡಿದು ಕಪ್ಪಾಗಿತ್ತು.

ಅವನು ಕಂಬಳಿ ನೋಡಿದ. ಯಂತ್ರ ನೋಡಿದ. ತನ್ನ ಕಾಲುಚೀಲ ನೋಡಿಕೊಂಡ.

"ನಾನಿಲ್ಲೇ ಬಾಗಿಲ ಹತ್ರ ಕೂತ್ಕೋತೀನಿ."

ವ್ಯಾಪಾರಿಗಳು ಮುಖ ಮುಖ ನೋಡಿಕೊಂಡರು. ಮನೆಯ ಕಿರಿಸೊಸೆ ಕೂರುವ ಜಾಗ ಅದು.

"ಅಯ್ಯೋ, ಯಜಮಾನ್ರು ಬಾಗ್ಲಲ್ಲಿ ಕೂರೋದಾ?" ನಾನೂ ಸೇರಿಸಿದೆ. "ಹೋಗ್ಲಿ, ಮಿಷನ್ನಿನ ಮೇಲೊಂದು ಕೈಯಿಟ್ಟು ಹರಸ್ಬಿಟ್ಟು ಬನ್ನಿ."

ಅವನು ಎರಡೂ ಕೈ ಜೇಬಿಗೆ ಸೇರಿಸಿದ. ದೊಡ್ಡವರ ಪಾಲಿನ ಕುರಿಯ ತಲೆ ತಟ್ಟೆಯಲ್ಲಿ ಆರುತ್ತಿತ್ತು. ಕೊನೆಗೆ ತಗ್ಗಿದ ದನಿಯಲ್ಲಿ ಅಂದ: "ಮುರ್ಜಾ, ಆರ್ಸು ಅದನ್ನ."

ಮುರ್ಜಾ ಆರಿಸಿದ. ಶೆಡ್ಡು ಸುಮ್ಮನಾಯಿತು. ಬುರುಲ್ ಎದ್ದು ನಿಂತಳು.

"ನೀವು ಉಣ್ಣಕ್ಕೆ ಆರಿಸ್ಬೇಕು," ಅಂದಳು. "ನಾವು ದುಡಿಯಕ್ಕೆ?"

ಅಜ್ಜಿ ಅವನ ಬೂಟುಗಳನ್ನು ಎಳೆದು ಮಗ್ಗುಲಿಗಿಟ್ಟುಕೊಂಡಳು. "ಇವು ಇಲ್ಲೇ ಇರ್ತವೆ. ದಪ್ಪ ವೈರು ಬರ್ಬೇಕು, ಬುರುಲ್ ಕೆಲ್ಸಕ್ಕೆ ಬರ್ಬೇಕು. ಅಲ್ಲೀವರ್ಗೂ ಸ್ವಿಚ್ಚು ಮುಟ್ಟೋರು ಯಾರೂ ಇಲ್ಲ. ಕೂತ್ಕೊಳಿ, ಮಾಂಸ ಆರೋಯ್ತದೆ."

ನಾವು ಹೊಟ್ಟೆ ತುಂಬ ಉಂಡೆವು. ಎಸೆನ್‌ಬೆಕ್ ಬುರುಲ್‌ಳ ತೂತು ಗಲೋಷಿನಲ್ಲಿ ಪಚಪಚ ಅನ್ನಿಸುತ್ತ ಹಿಮದಲ್ಲಿ ಮನೆಗೆ ಹೋದ. ನಗು ತಡೆಯಲಾರದೆ ನಾನು ಉಣ್ಣೆಯಲ್ಲಿ ಮುಖ ಹುದುಗಿಸಿದೆ.

ಸೋಮವಾರ ವೈರು ಬಂತು. ಮುರ್ಜಾ ಅದನ್ನು ಕರೆಂಟಿನ ವೈರಿನ ಪಕ್ಕ ಹಿಡಿದು, ಎರಡೂ ಒಂದೇ ದಪ್ಪ ಅಂತ ನಮಗೆಲ್ಲ ತೋರಿಸಿ ಬಿಗಿದ. ಮೋಟಾರಿನಲ್ಲಿ ಕರೆಂಟು ಸೋರುತ್ತಿದ್ದ ಕಡೆಯನ್ನೂ ಸರಿಮಾಡಿ, ಮೀಟರು ಇಟ್ಟು ನೋಡಿ ತಲೆಯಾಡಿಸಿದ. ಬುರುಲ್ ಯಂತ್ರದ ಮೇಲೆ ಅಂಗೈ ಊರಿದಳು.

"ಬರೀ ಕಬ್ಬಿಣ ಕಣಕ್ಕ," ಅಂದಳು, ಕಣ್ಣು ತುಂಬಿಕೊಂಡು.

ಎಸೆನ್‌ಬೆಕ್ ಬಾಗಿಲಲ್ಲಿ ನಿಂತು ಬೂಟು ಕೇಳಿದ. ಅಜ್ಜಿ ಅವನ್ನು ಒರೆಸಿ ಜೋಡಿಸಿ ಅವನ ಮುಂದಿಟ್ಟಳು.

"ಮುಂದೆ ಇನ್ನೂ ದೊಡ್ಡ ಮೋಟಾರು ತಂದ್ರೆ ಹೇಳಿ ಅಣ್ಣ. ಊಟ ಇಲ್ಲೇ. ನಿಮ್ ಜಾಗ ಅಲ್ಲೇ ಇರ್ತದೆ."